ಮಾತನ್ನೂ ತೂಗಿ ನೋಡೋಣ



ಹಗಲೆಲ್ಲ ಹೊಲಗದ್ದೆಯಲ್ಲಿ ದುಡಿದು, ಮನೆಗೆಲಸ ಮುಗಿಸಿ, ಸಂಜೆ ಕಲಿಕಾ ಕೇಂದ್ರಕ್ಕೆ ಬರ್ತೀರಿ. ಅಕ್ಷರ ಕೂಡಿಸಿ ಓದ್ತೀರಿ. ಕೂಡುವ, ಕಳೆಯುವ ಲೆಕ್ಕ ಮಾಡ್ತೀರಿ. ಆ ಓದು, ಆ ಲೆಕ್ಕ ಇಟ್ಟುಕೊಂಡು ಇವತ್ತು ಒಂದು ಹೊಸ ಕೆಲಸ ಮಾಡೋಣ. ನಾವು ಕೇಳಿದ ಮಾತುಗಳನ್ನು ತೂಗಿ ನೋಡೋಣ.

ಸಂತೆಯಲ್ಲಿ ನೀವು ಬದನೆಕಾಯಿಯನ್ನು ತಿರುಗಿಸಿ ನೋಡ್ತೀರಿ. ಹುಳುಕಿದ್ದರೆ ಪಕ್ಕಕ್ಕಿಡ್ತೀರಿ. ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ಸದ್ದು ಕೇಳ್ತೀರಿ. ನಿಮಗೆ ಮೋಸ ಮಾಡೋದು ಸುಲಭವಲ್ಲ. ಆದರೆ ಮಾತು ಬಂದಾಗ?

"ಮಂತ್ರ ಹಾಕಿದರೆ ಹಾವಿನ ವಿಷ ಇಳಿಯುತ್ತೆ."

"ಗ್ರಹಣದಲ್ಲಿ ಬಸುರಿ ಹೊರಗೆ ಬಂದರೆ ಮಗುವಿಗೆ ಊನ ಆಗುತ್ತೆ."

"ಬರೀ ಹೆಣ್ಣೇ ಹುಟ್ಟೋದು ತಾಯಿಯ ದೋಷ."

ಈ ಮಾತುಗಳನ್ನು ನಾವು ತಿರುಗಿಸಿ ನೋಡೋದಿಲ್ಲ. ಬಡಿದು ನೋಡೋದಿಲ್ಲ. ಹಾಗೇ ಸೆರಗಿಗೆ ಹಾಕಿಕೊಂಡು ಮನೆಗೆ ಬರ್ತೀವಿ. ಯಾಕೆ?

"ಹಳ್ಳಿಯವರು, ಓದಿಲ್ಲ, ಅದಕ್ಕೇ ನಂಬ್ತಾರೆ" ಅಂತ ಕೆಲವರು ಹೇಳ್ತಾರೆ. ಅದು ಸರಿಯಲ್ಲ. ಪೇಟೆಯವರೂ ನಂಬ್ತಾರೆ. ಡಿಗ್ರಿ ಓದಿದವರೂ ನಂಬ್ತಾರೆ. ನಂಬೋದಕ್ಕೆ ಬೇರೆ ಕಾರಣಗಳಿವೆ. ಒಂದೊಂದಾಗಿ ನೋಡೋಣ.

ಗೆದ್ದದ್ದು ನೆನಪು, ಸೋತದ್ದು ಮರೆವು

ಮೊದಲು ಹಾವಿನ ಮಾತು. ಕಾಕನಕೋಟೆ ಸೀಮೆ ಅಂದರೆ ಕಾಡಿನ ಅಂಚು. ಕೃಷ್ಣರಾಜನಗರದ ಕಡೆ ಭತ್ತದ ಗದ್ದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು. ಹೆಗ್ಗಡದೇವನಕೋಟೆ ಕಡೆ ರಾಗಿ, ಹತ್ತಿ. ಕಾಳು ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಹಾವು. ಬಗ್ಗಿ ಕಳೆ ಕೀಳೋರು, ಸೌದೆ ಆಯೋರು, ಬರಿಗಾಲಲ್ಲಿ ನಡೆಯೋರು, ನೆಲದ ಮೇಲೆ ಮಲಗೋರು ನಾವೇ. ಹಾವಿನ ಭಯ ನಮಗೆ ಕತೆಯಲ್ಲ.

ಈಗ ಒಂದು ಲೆಕ್ಕ ಹೇಳ್ತೀನಿ. ಇದು ನಡೆದದ್ದಲ್ಲ, ಲೆಕ್ಕಕ್ಕಾಗಿ ಹೇಳೋದು. ಒಂದು ಊರಲ್ಲಿ 10 ಜನಕ್ಕೆ ಹಾವು ಕಚ್ಚಿತು ಅಂದುಕೊಳ್ಳಿ. 10 ಜನವೂ ಮಂತ್ರ ಹಾಕುವವರ ಹತ್ತಿರ ಹೋದರು. ಅವರಲ್ಲಿ 7 ಜನಕ್ಕೆ ಕಚ್ಚಿದ್ದು ಕೇರೆ ಹಾವು, ನೀರು ಹಾವು, ಇಂಥವು. ಇವುಗಳ ಕಡಿತದಿಂದ ಮನುಷ್ಯ ಸಾಯೋದಿಲ್ಲ. ಉಳಿದ 3 ಜನಕ್ಕೆ ಕಚ್ಚಿದ್ದು ವಿಷದ ಹಾವು. ಅದರಲ್ಲೂ ಒಬ್ಬರಿಗೆ ಹಲ್ಲು ಮಾತ್ರ ತಾಗಿತು, ವಿಷ ಇಳಿಯಲಿಲ್ಲ. ವಿಷದ ಹಾವು ಕಚ್ಚಿದಾಗೆಲ್ಲ ವಿಷ ಬಿಡುತ್ತೆ ಅಂತಿಲ್ಲ.

ಈಗ ಕೂಡಿಸಿ. 7 ಮತ್ತು 1, ಒಟ್ಟು 8 ಜನ ಬದುಕಿದರು. ಮಂತ್ರ ಹಾಕದಿದ್ದರೂ ಅವರು ಬದುಕುತ್ತಿದ್ದರು. ಮೈಗೆ ವಿಷ ಏರಿದ 2 ಜನ ಸತ್ತರು.

ಬದುಕಿದ 8 ಜನ ಹೋದಲ್ಲೆಲ್ಲ ಹೇಳ್ತಾರೆ, "ಮಂತ್ರದಿಂದಲೇ ಉಳಿದೆ ಕಣವ್ವ" ಅಂತ. ಸತ್ತ 2 ಜನ ಎದ್ದು ಬಂದು ಹೇಳೋಕೆ ಆಗುತ್ತಾ? ಅವರ ಬಗ್ಗೆ ನಾವು, "ಆಯಸ್ಸು ಮುಗಿದಿತ್ತು" ಅಂತೀವಿ. "ಕರೆತರೋದು ತಡವಾಯ್ತು" ಅಂತೀವಿ. ಬದುಕಿದರೆ ಮಂತ್ರದ ಹೆಸರು. ಸತ್ತರೆ ಹಣೆಬರಹದ ಹೆಸರು. ಹೀಗಾದರೆ ಮಂತ್ರ ಸೋಲೋದು ಯಾವಾಗ?

ಮಂತ್ರ ಹಾಕುವವರೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. 10ರಲ್ಲಿ 8 ಜನ ಎದ್ದು ನಡೆದದ್ದನ್ನು ಅವರೂ ಕಣ್ಣಾರೆ ಕಂಡಿದ್ದಾರೆ. ಅವರೂ ನಂಬಿದ್ದಾರೆ. ನಂಬೋದಕ್ಕೆ ಇದು ಮೊದಲನೇ ಕಾರಣ. ನೆನಪು ಗೆದ್ದ ಕತೆಯನ್ನು ಇಟ್ಟುಕೊಳ್ಳುತ್ತೆ, ಸೋತ ಕತೆಯನ್ನು ಕೈಬಿಡುತ್ತೆ. ಕಾಗದ ಹಾಗಲ್ಲ. ಬರೆದಿಟ್ಟರೆ ಎರಡೂ ಉಳಿಯುತ್ತೆ.

ಬರೆದಿಟ್ಟ ಲೆಕ್ಕ ಏನು ಹೇಳುತ್ತೆ ಕೇಳಿ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಅಂತ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸುಮಾರು 58,000 ಜನ. ಹೆಚ್ಚಿನವರು ಹಳ್ಳಿಯವರು. ಹೆಚ್ಚಿನ ಸಾವು ಆಸ್ಪತ್ರೆಯ ಹೊರಗೇ ಆಗಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿತು. ಹಾವು ಕಚ್ಚಿದ ಪ್ರತಿಯೊಬ್ಬರ ವಿವರವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ಅಂದರೆ ಈಗ ಸೋತದ್ದೂ ಲೆಕ್ಕಕ್ಕೆ ಬರುತ್ತೆ.

ನಮ್ಮ ಕಡೆ ಜೀವಕ್ಕೆ ಅಪಾಯ ತರುವ ಮುಖ್ಯ ಹಾವುಗಳು ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಕಟ್ಟು ಹಾವು ರಾತ್ರಿ ಮಲಗಿದವರಿಗೆ ಕಚ್ಚೋದು ಹೆಚ್ಚು. ನೋವು ಕಡಿಮೆ, ಗುರುತೂ ಸರಿಯಾಗಿ ಕಾಣೋದಿಲ್ಲ. ಹೊಟ್ಟೆನೋವು ಬರುತ್ತೆ, ರೆಪ್ಪೆ ಮುಚ್ಚಿಕೊಂಡು ಬರುತ್ತೆ, ಆಮೇಲೆ ಉಸಿರು ಕಟ್ಟುತ್ತೆ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟೋದಿಲ್ಲ, ಮೂತ್ರಪಿಂಡ ಕೆಡುತ್ತೆ. ಮೈಯೊಳಗೆ ಸೇರಿದ ವಿಷಕ್ಕೆ ಇರುವ ಮದ್ದು ಆಸ್ಪತ್ರೆಯ ಚುಚ್ಚುಮದ್ದು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಎದುರು ಶಕ್ತಿಯಿಂದ ಈ ಮದ್ದು ಮಾಡ್ತಾರೆ. ಅದಕ್ಕೆ ಬೇಕಾದ ವಿಷ ತೆಗೆಯೋರು ಯಾರು ಗೊತ್ತಾ? ತಮಿಳುನಾಡಿನ ಇರುಳರು, ಕಾಡಿನ ಜನ. ಅವರು 1978ರಲ್ಲಿ ಅದಕ್ಕಾಗಿ ಒಂದು ಸಹಕಾರ ಸಂಘವನ್ನೇ ಕಟ್ಟಿಕೊಂಡರು. ಹಾವಿನ ಗುಣ ಬಲ್ಲ ಹಿರಿಯರ ತಿಳಿವಳಿಕೆ ವಿಜ್ಞಾನಕ್ಕೆ ಬೇಕು. ಬೇಡವಾದದ್ದು ಸಮಯ ಕಳೆಯುವ ಮಂತ್ರ.

ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ. ಬಾಯಿಂದ ಹೀರಬೇಡಿ. ಬಿಗಿಯಾಗಿ ಕಟ್ಟಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗಾಡಿಸಬೇಡಿ. ಹಾವು ಹುಡುಕುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಗಾಡಿಯಲ್ಲಿ ನೇರ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದಿಗೆ ಹಣವಿಲ್ಲ.

ಊರೆಲ್ಲ ಹೇಳಿದ ಮಾತು

ಎರಡನೇ ಕಾರಣ, "ಎಲ್ಲರೂ ಹೇಳ್ತಾರಲ್ಲ" ಅನ್ನೋದು. 1995ರ ಸೆಪ್ಟೆಂಬರ್ 21 ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗಣೇಶನ ವಿಗ್ರಹ ಹಾಲು ಕುಡಿಯುತ್ತಿದೆ ಅಂತ ಒಂದೇ ದಿನದಲ್ಲಿ ದೇಶವೆಲ್ಲ ಸುದ್ದಿ ಹಬ್ಬಿತು. ಚಮಚ ಹಿಡಿದು ಜನ ಸಾಲು ನಿಂತರು. ದೊಡ್ಡ ದೊಡ್ಡ ಊರಿನ ಓದಿದವರೂ ಆ ಸಾಲಲ್ಲಿ ಇದ್ದರು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ರುಬ್ಬುವ ಗುಂಡುಕಲ್ಲನ್ನು ನೀರಲ್ಲಿ ಒದ್ದೆ ಮಾಡಿ. ಕೆಳಗೆ ತಟ್ಟೆ ಇಡಿ. ಚಮಚದ ತುಂಬ, ಅಂಚಿನ ತನಕ ಹಾಲು ತುಂಬಿ. ಹಾಲು ಕಲ್ಲಿಗೆ ತಾಗುವ ಹಾಗೆ ಚಮಚವನ್ನು ಹಿಡಿಯಿರಿ. ಹಾಲು ಕಲ್ಲಿಗೆ ಅಂಟಿಕೊಂಡು, ತೆಳ್ಳಗೆ ಕೆಳಗೆ ಜಾರುತ್ತೆ. ಚಮಚ ಬರಿದಾಗುತ್ತೆ. ಹಾಲು ತಟ್ಟೆಯಲ್ಲಿ ಸಿಗುತ್ತೆ. ಭಕ್ತಿ ನಿಮ್ಮದು, ಅದನ್ನು ಯಾರೂ ಕೇಳೋದಿಲ್ಲ. ಆದರೆ ಹಾಲು ಎಲ್ಲಿಗೆ ಹೋಯಿತು ಅಂತ ಬಗ್ಗಿ ನೋಡೋದು ಭಕ್ತಿಗೆ ವಿರೋಧವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರೇ ಗಾದೆ ಮಾಡಿದ್ದಾರೆ.

ಹೆದರಿಕೆ ಪ್ರಶ್ನೆ ಕೇಳೋಕೆ ಬಿಡೋದಿಲ್ಲ

ಮೂರನೇ ಕಾರಣ ಹೆದರಿಕೆ. ಗ್ರಹಣ ಅಂದರೆ ನೆರಳಿನ ಆಟ. ಚಂದ್ರ ಅಡ್ಡ ಬಂದರೆ ಸೂರ್ಯಗ್ರಹಣ. ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದರೆ ಚಂದ್ರಗ್ರಹಣ. ಸೂರ್ಯನನ್ನು ಬರಿಗಣ್ಣಲ್ಲಿ ನೋಡಿದರೆ ಕಣ್ಣು ಕೆಡುತ್ತೆ, ಅದು ನಿಜ. ಆದರೆ ಗ್ರಹಣದಿಂದ ಮಗುವಿನ ತುಟಿ ಸೀಳೋದಿಲ್ಲ. ಮಗುವಿನ ತುಟಿ ಕೂಡಿಕೊಳ್ಳೋದು ಬಸಿರಿನ ಮೊದಲ ತಿಂಗಳುಗಳಲ್ಲೇ. ಆಗ ಸರಿಯಾಗಿ ಕೂಡದಿದ್ದರೆ ಸೀಳು ಉಳಿಯುತ್ತೆ. ಗ್ರಹಣ ಕಾಣದ ಊರಲ್ಲೂ ಅಂಥ ಮಕ್ಕಳು ಹುಟ್ಟುತ್ತಾರೆ. ಆಪರೇಷನ್ ಮಾಡಿ ಅದನ್ನು ಸರಿಮಾಡಬಹುದು.

ಆದರೂ ಯಾರೂ ಪರೀಕ್ಷೆ ಮಾಡೋದಿಲ್ಲ. "ಒಂದು ದಿನ ಒಳಗೆ ಕೂತರೆ ಏನು ಕಳೆದುಕೊಳ್ತೀಯ? ಮಗುವಿಗೆ ಏನಾದರೂ ಆದರೆ?" ಅಂತಾರೆ. ಹೆತ್ತ ಹೊಟ್ಟೆಯ ಹೆದರಿಕೆ ಅದು. ಅದನ್ನು ನೋಡಿ ನಗಬಾರದು. ಆದರೆ ಆ ಒಂದು ದಿನ ಬಸುರಿ ನೀರು, ಊಟ ಇಲ್ಲದೆ ಬಳಲ್ತಾಳೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಲ್ಲಿ ಹೂತರು. ಊನ ವಾಸಿಯಾಗುತ್ತೆ ಅಂತ ನಂಬಿ ಹೆತ್ತವರೇ ಹೂತರು. ಮಕ್ಕಳು ಅತ್ತರು. ಊನ ಹೋಗಲಿಲ್ಲ. ಅದೇ ದಿನ, ನಮ್ಮ ಪಕ್ಕದ ಕೊಡಗಿನ ಕುಟ್ಟದ ಕಡೆ ಜನ ಸೇರಿ, ಕಣ್ಣಿಗೆ ವಿಶೇಷ ಕನ್ನಡಕ ಹಿಡಿದು, ಬಳೆಯ ಹಾಗೆ ಹೊಳೆಯುವ ಸೂರ್ಯನನ್ನು ನೋಡಿದರು. ಒಂದೇ ಗ್ರಹಣ. ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ತಿಳಿವಳಿಕೆ.

ಈ ಮಾತು ಯಾರಿಗೆ ಅನುಕೂಲ?

ನಾಲ್ಕನೇ ಕಾರಣ ನಮಗೆ ನೇರವಾಗಿ ತಾಗುವಂಥದ್ದು. ಕೆಲವು ಮಾತು ಉಳಿಯೋದು ಅದು ಯಾರಿಗೋ ಅನುಕೂಲ ಅಂತ. "ಹೆಣ್ಣು ಹೆತ್ತವಳು ನೀನು" ಅಂತ ಎಷ್ಟು ಸೊಸೆಯರು ಮಾತು ಕೇಳಿಲ್ಲ? ಎಷ್ಟು ಜನ ಹೊಡೆತ ತಿಂದಿಲ್ಲ? ಎರಡನೇ ಮದುವೆಗೆ ಇದನ್ನೇ ನೆಪ ಮಾಡಿಕೊಂಡವರಿಲ್ಲವೇ?

ನಿಜ ಹೀಗಿದೆ. ತಾಯಿಯ ಅಂಡದಲ್ಲಿ ಇರೋದು ಒಂದೇ ಬಗೆ. ಅದಕ್ಕೆ ಎಕ್ಸ್ ಅಂತ ಹೆಸರಿಟ್ಟಿದ್ದಾರೆ. ತಂದೆಯ ವೀರ್ಯದಲ್ಲಿ ಎರಡು ಬಗೆ, ಎಕ್ಸ್ ಮತ್ತು ವೈ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು. ವೈ ಬಂದರೆ ಗಂಡು. ಯಾವುದು ಬರುತ್ತೆ ಅನ್ನೋದು ತಂದೆಯ ಕೈಯಲ್ಲೂ ಇಲ್ಲ. ಹಾಗಾಗಿ ಇದು ತಾಯಿಯ ತಪ್ಪಲ್ಲ, ತಂದೆಯ ತಪ್ಪೂ ಅಲ್ಲ. ಹೆಣ್ಣು ಹುಟ್ಟೋದು ತಪ್ಪೇ ಅಲ್ಲ.

ಈ ಗುಟ್ಟನ್ನು ಕಂಡು ಹಿಡಿದವರಲ್ಲಿ ಒಬ್ಬರು ನೆಟ್ಟಿ ಸ್ಟೀವನ್ಸ್, ಅಮೆರಿಕದ ಹೆಣ್ಣುಮಗಳು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 1905ರಲ್ಲಿ ಹಿಟ್ಟಿಗೆ ಬೀಳುವ ಒಂದು ಜಾತಿಯ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಕಂಡರು. ನೂರು ವರ್ಷಕ್ಕೂ ಹೆಚ್ಚು ಕಾಲವಾಯಿತು. ಇನ್ನೂ ಆ ಬೈಗುಳ ಮನೆಗಳಲ್ಲಿ ಉಳಿದಿದೆ. ಬೈಯುವವರಿಗೆ ಅನುಕೂಲ, ಬೈಸಿಕೊಂಡವರಿಗೆ ಎದುರು ಪ್ರಶ್ನೆ ಗೊತ್ತಿಲ್ಲ. ಅದಕ್ಕೇ ಉಳಿದಿದೆ.

ಡಾಕ್ಟರೂ ತೂಗಿ ನೋಡಬೇಕು

ಓದಿದವರ ಮಾತನ್ನೂ ತೂಗಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ವಾಂತಿಭೇದಿಯಿಂದ ಜನ ಸಾಯುತ್ತಿದ್ದರು. ನರಕ್ಕೆ ಹಾಕುವ ಬಾಟಲಿ ಮುಗಿಯುತ್ತಾ ಬಂತು. ಬಾಯಲ್ಲಿ ಕುಡಿಸಿದರೆ ಸಾಲದು ಅಂತ ಆಗ ಅನೇಕ ಡಾಕ್ಟರುಗಳೇ ನಂಬಿದ್ದರು. ಡಾಕ್ಟರ್ ದಿಲೀಪ್ ಮಹಲನಬೀಸ್ ಅನ್ನುವವರು ಉಪ್ಪು, ಸಕ್ಕರೆ ಅಂಶ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಲ್ಲೇ ಕುಡಿಸಿದರು. ಲೆಕ್ಕವನ್ನೂ ಬರೆದಿಟ್ಟರು. ಮೊದಲು 100ರಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಆಮೇಲೆ 4ಕ್ಕಿಂತ ಕಡಿಮೆ ಆಯಿತು. ಡಾಕ್ಟರುಗಳ ನಂಬಿಕೆಯನ್ನು ಬದಲಾಯಿಸಿದ್ದು ಆ ಲೆಕ್ಕ.

ನಮ್ಮಲ್ಲಿ ಈಗಲೂ, "ಭೇದಿ ಆಗುವಾಗ ನೀರು ಕೊಡಬೇಡ, ಹೆಚ್ಚಾಗುತ್ತೆ" ಅನ್ನೋರಿದ್ದಾರೆ. ನೀರು ಹೊರಗೆ ಹೋಗೋದು ಕಣ್ಣಿಗೆ ಕಾಣುತ್ತೆ. ಮಗುವಿನ ಮೈ ಒಳಗೆ ಒಣಗೋದು ಕಾಣೋದಿಲ್ಲ. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಪೊಟ್ಟಣ ಸಿಗುತ್ತೆ. ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ. ಚಮಚ ಗೋಪುರ ಆಗಬಾರದು, ಸಮ ಇರಬೇಕು. ಎದೆಹಾಲು ನಿಲ್ಲಿಸಬೇಡಿ.

ಹೇಗೆ ಕೇಳೋದು?

ಐದನೇ ಕಾರಣವೂ ಒಂದಿದೆ. ನಮಗೆ ಹೇಳಿದವರು ನಮ್ಮ ಅಜ್ಜಿ, ಅವ್ವ, ಅತ್ತೆ. ನಮ್ಮನ್ನು ಎತ್ತಿ ಆಡಿಸಿದವರು. ಅವರ ಮಾತು ಪ್ರಶ್ನಿಸಿದರೆ ಅವರನ್ನೇ ಅವಮಾನ ಮಾಡಿದ ಹಾಗೆ ಅನ್ನಿಸುತ್ತೆ. ಹೆಣ್ಣುಮಕ್ಕಳು ಕೇಳಿದರಂತೂ, "ಬಾಯಿ ಜಾಸ್ತಿ ಆಯ್ತು" ಅಂತಾರೆ. ಅದಕ್ಕೆ ಜಗಳವಾಡಿ ಕೇಳಬೇಡಿ. ಹತ್ತಿರ ಕೂತು ಕೇಳಿ. "ಅತ್ತೆ, ಇದು ನಿಮಗೆ ಹೇಗೆ ಗೊತ್ತಾಯ್ತು? ನೀವೇ ನೋಡಿದ್ದಾ, ಕೇಳಿದ್ದಾ?" ಅನ್ನಿ. ಕಣ್ಣಿಗೂ ಕಿವಿಗೂ ನಾಲ್ಕು ಬೆರಳು ದೂರ.

ಯಾವ ಮಾತು ಬಂದರೂ ಈ ನಾಲ್ಕು ಪ್ರಶ್ನೆ ಕೇಳಿ.

1. ಇದನ್ನು ಕಣ್ಣಾರೆ ನೋಡಿದವರು ಯಾರು?

2. ಗೆದ್ದದ್ದು ಎಷ್ಟು, ಸೋತದ್ದು ಎಷ್ಟು?

3. ಇದಕ್ಕೆ ಬೇರೆ ಕಾರಣ ಇರಬಹುದಾ?

4. ಇದನ್ನು ನಂಬಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ?

ಪ್ರಶ್ನೆ ಕೇಳೋದು ಹೊರಗಿನವರಿಂದ ಕಲಿತದ್ದಲ್ಲ. ಗೌರಿಬಿದನೂರು ತಾಲೂಕಿನ ಒಂದು ಹಳ್ಳಿಯಿಂದ ಬಂದ ಡಾಕ್ಟರ್ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರು. ಪವಾಡ, ಮೂಢನಂಬಿಕೆಗಳನ್ನು ಪರಿಶೀಲಿಸೋಕೆ ಅವರು 1976ರಲ್ಲಿ ಒಂದು ಸಮಿತಿ ಮಾಡಿದರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತ ಜೀವನವೆಲ್ಲ ಹೇಳಿದರು.

ಫೋನಿನಲ್ಲಿ ಬಂದ ಸುದ್ದಿಗೂ ಈ ಪ್ರಶ್ನೆಗಳನ್ನು ಕೇಳಿ. ಅಚ್ಚಾದ ಪುಸ್ತಕಕ್ಕೂ ಕೇಳಿ. ನಾನು ಹೇಳಿದ್ದನ್ನೂ ಹಾಗೇ ನಂಬಬೇಡಿ. ಡಾಕ್ಟರನ್ನು ಕೇಳಿ, ನರ್ಸಮ್ಮನನ್ನು ಕೇಳಿ, ನಾಲ್ಕು ಜನ ಕೂತು ಮಾತಾಡಿ.

ಆದರೆ ಒಂದು ಮಾತು. ಹಾವು ಕಚ್ಚಿದ ರಾತ್ರಿ ಚರ್ಚೆ ಮಾಡೋಕೆ ಹೊತ್ತಿರೋದಿಲ್ಲ. ಆ ತೀರ್ಮಾನ ಈಗಲೇ ಆಗಬೇಕು. ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಒಂದು ಇದ್ದಿಲು ತಗೊಳ್ಳಿ. ಬಾಗಿಲ ಪಕ್ಕದ ಗೋಡೆಯ ಮೇಲೆ 108 ಅಂತ ಬರೆಯಿರಿ. ಅದರ ಕೆಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಹೆಸರು ಬರೆಯಿರಿ. ಅದರ ಕೆಳಗೆ, ಊರಲ್ಲಿ ಗಾಡಿ ಇರುವವರ ಫೋನ್ ನಂಬರ್ ಬರೆಯಿರಿ. ನೀವು ಕಲಿತ ಅಕ್ಷರ ಒಂದು ಜೀವ ಉಳಿಸಲಿ.