ಕಸಿ ಚಾಕುವಿನ ಸ್ಕ್ರೂವಿಗೆ ಒಂದು ಹನಿ
(ಸಂಘದ ಕಸಿ ತರಬೇತಿ ಶಿಬಿರದಲ್ಲಿ ಆಡಿದ ಮಾತು)



ಕಸಿ ಕಟ್ಟುವ ವಿಷಯವನ್ನು ಬೆಳಗ್ಗೆ ತಿಳಿದವರು ಚೆನ್ನಾಗಿ ಹೇಳಿದ್ದಾರೆ. ನನಗೆ ಅಧ್ಯಕ್ಷರು ಕೊಟ್ಟ ವಿಷಯ ಬಹಳ ಸಣ್ಣದು, ಮಡಿಸುವ ಚಾಕುವಿನ ಸ್ಕ್ರೂ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಇದರ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಅಂದರೆ ಬಲಗೈ ತೋರುಬೆರಳಿನ ನಾಲ್ಕು ಹೊಲಿಗೆ, ಅಷ್ಟೆ.

ಎರಡು ವರ್ಷದ ಹಿಂದೆ ಹಿಪ್ಪಲಿ ಗಿಡಕ್ಕೆ ಕಾಳುಮೆಣಸು ಕಸಿ ಕಟ್ಟುತ್ತಿದ್ದೆ. ಅಲಗು ಅತ್ತಿತ್ತ ಆಡುತ್ತಿರುವುದು ಒಂದು ವಾರದಿಂದ ಗೊತ್ತಿತ್ತು. ಅಲುಗುವ ಚಾಕುವಿನಲ್ಲಿ ಸೀಳು ನೇರ ಬರುವುದಿಲ್ಲ, ಕಸಿ ಕೂಡುವುದೂ ಇಲ್ಲ. ಅದೂ ಗೊತ್ತಿತ್ತು. ಆದರೂ ಉಗುರಿನಲ್ಲೇ ಸ್ಕ್ರೂ ತಿರುವಿ ಕೆಲಸ ಸಾಗಿಸಿದೆ. ಒಂದು ಗಂಟಿನಲ್ಲಿ ಅಲಗು ಸಿಕ್ಕಿಕೊಂಡಿತು. ಬಿಡಿಸಲು ಹಿಡಿಯನ್ನು ಅಲ್ಲಾಡಿಸಿದೆ ನೋಡಿ, ಲಾಕು ಜಾರಿ ಅಲಗು ಬೆರಳಿನ ಮೇಲೇ ಮಡಚಿಕೊಂಡಿತು. ಮನೆಯವರು ಅರಿಶಿನ ತಂದರು. ನಾನು ಮಾತ್ರ ಚಾಕುವಿಗೇ ಬೈಯುತ್ತಿದ್ದೆ!

ಚಾಕುವಿನ ತಪ್ಪೇನಿಲ್ಲ. ತೆರೆದು ಮಡಿಸುವಾಗಲೆಲ್ಲ ಅಲಗು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ. ಜೇಬಿನಲ್ಲಿಟ್ಟು ಬೈಕಿನಲ್ಲಿ ಹೋದರೆ ನಮ್ಮ ರಸ್ತೆಯ ಕುಲುಕಾಟ ಬೇರೆ.

ಮೊದಲು ಗೆದ್ದೆನೆಂದುಕೊಂಡು, ಕ್ಷಣದಲ್ಲಿ ಹಿಡಿಯುವ ಗೋಂದು ಬಿಟ್ಟೆ. ಅದು ಹರಿದು ಅಲಗಿನ ಬುಡಕ್ಕೇ ಇಳಿದು ಚಾಕು ತೆರೆಯದ ಹಾಗಾಯಿತು. ಆಮೇಲೆ ಪಂಪ್‌ಸೆಟ್ ರಿಪೇರಿ ಹುಡುಗ ಹೇಳಿದ, “ಅಣ್ಣಾ, ಇದಕ್ಕೆ ಥ್ರೆಡ್ ಲಾಕರ್ ಅಂತ ಬೇರೆನೇ ಉಂಟು.” ಮೆಕ್ಯಾನಿಕ್‌ಗಳು ಯಾವ ಕಂಪನಿಯದಾದರೂ ಲಾಕ್‌ಟೈಟ್ ಎಂದೇ ಕರೆಯುತ್ತಾರೆ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ವರ್ನನ್ ಕ್ರೀಬಲ್ ಎಂಬವರು 1953ರಲ್ಲಿ ಇದನ್ನು ಕಂಡುಹಿಡಿದರು. ಇದರ ಗುಣ ವಿಚಿತ್ರ. ಬೇರೆ ಗೋಂದು ಗಾಳಿ ತಾಗಿದರೆ ಒಣಗುತ್ತದೆ, ಇದು ಗಾಳಿ ಇದ್ದರೆ ಒಣಗುವುದೇ ಇಲ್ಲ. ಗಾಳಿಯಿಲ್ಲದ ಸಂದಿಯಲ್ಲಿ ಲೋಹ ತಾಗಿದಾಗ ಮಾತ್ರ ಗಟ್ಟಿಯಾಗುತ್ತದೆ. ಬಾಟಲಿ ಪೂರ್ತಿ ತುಂಬದೆ ಬರುವುದು ಅದಕ್ಕೇ. ಅಂಗಡಿಯವನು ಮೋಸ ಮಾಡಿದ ಅಂತ ಜಗಳ ತೆಗೆಯಬೇಡಿ.

ಬಣ್ಣ ನೋಡಿ ತರಬೇಕು. ಲಾಕ್‌ಟೈಟ್‌ನಲ್ಲಿ ನೇರಳೆ ಬಣ್ಣದ 222 ಸಣ್ಣ ಸ್ಕ್ರೂವಿಗೆ ಸಾಕು, ನೀಲಿಯ 243 ಮಧ್ಯಮ. ಕೆಂಪು ಬಹಳ ಗಟ್ಟಿ, ಎಂಜಿನ್ನಿನ ದೊಡ್ಡ ಬೋಲ್ಟಿಗೆ ಇರಲಿ. ಬೇರೆ ಕಂಪನಿಯದಾದರೆ ಚೀಟಿ ಓದಿ. ನಾನು ಗಟ್ಟಿ ಇದ್ದಷ್ಟೂ ಒಳ್ಳೆಯದೆಂದು ಕೆಂಪು ಹಾಕಿದೆ. ಮುಂದಿನ ಸಲ ಬಿಚ್ಚಲು ಹೋದರೆ ಸ್ಕ್ರೂವಿನ ತಲೆಯೇ ಸವೆದುಹೋಯಿತು. ಕೆಂಪು ಸಡಿಲವಾಗಲು ಸುಮಾರು 250 ಡಿಗ್ರಿ ಕಾವು ಬೇಕು. ಹಾಗಂತ ಒಲೆಗೆ ಹಿಡಿಯಬೇಡಿ, ಅಲಗಿನ ಹದ ಹೋಗುತ್ತದೆ. ರೇಡಿಯೋ ರಿಪೇರಿಯ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂವಿನ ತಲೆಗೆ ಇಟ್ಟು ಬಿಚ್ಚಿಸಿದೆ.

ಹಚ್ಚುವ ಕ್ರಮ ಹೀಗೆ. ಸ್ಕ್ರೂ ಬಿಚ್ಚಿ, ಎಣ್ಣೆಜಿಡ್ಡನ್ನು ಅಸಿಟೋನ್ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಜಿಡ್ಡಿದ್ದರೆ ಹಿಡಿಯುವುದಿಲ್ಲ, ಮುಖ್ಯ ಮಾತು ಇದೇ. ಪ್ಲಾಸ್ಟಿಕ್ ಹಿಡಿಗೆ ಅಸಿಟೋನೂ ತಾಗಬಾರದು, ಲಾಕರೂ ತಾಗಬಾರದು, ಬಿರುಕು ಬಿಡಬಹುದು. ಅಲಗು ತಿರುಗುವ ವಾಶರಿಗೆ ಮಾತ್ರ ಮೊದಲೇ ಚೂರು ಎಣ್ಣೆ ಸವರಿ, ಲಾಕರ್ ಅಲ್ಲಿಗೆ ಹೋದರೂ ಕಚ್ಚುವುದಿಲ್ಲ. ಬಾಟಲಿಯಿಂದ ನೇರ ಸುರಿಯದೆ ಕಡ್ಡಿಯ ತುದಿಯಲ್ಲಿ ರಾಗಿಕಾಳಿನಷ್ಟು ತೆಗೆದು ಥ್ರೆಡ್ಡಿಗೆ ಹಚ್ಚಿ. ಅಲಗು ಅಲುಗದ ಹಾಗೆ, ಆದರೆ ಸಲೀಸಾಗಿ ತೆರೆಯುವ ಹಾಗೆ ಬಿಗಿ ಮಾಡಿ 24 ಗಂಟೆ ಮುಟ್ಟಬೇಡಿ. ಸ್ಟೇನ್‌ಲೆಸ್ ಸ್ಕ್ರೂವಾದರೆ ಇನ್ನೂ ನಿಧಾನ. ರಿವೆಟ್ ಹೊಡೆದ ಹಳೇ ಚಾಕುವಿಗೆ ಇದು ಬೇಡ, ಅದಕ್ಕೆ ಸುತ್ತಿಗೆಯ ಮೆಲು ಪೆಟ್ಟೇ ಸರಿ.

ಒಬ್ಬೊಬ್ಬರೂ ಬಾಟಲಿ ಕೊಳ್ಳುವುದು ದಂಡ. 10 ಮಿಲಿಯ ಒಂದು ಬಾಟಲಿ ಊರಿನ ಚಾಕುಗಳಿಗೆಲ್ಲ ಸಾಕು. ಸಂಘದ ಮಳಿಗೆಯಲ್ಲಿ ನೇರಳೆಯದೊಂದು ಇಡೋಣವೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕೇಳುತ್ತೇನೆ. ಕಾರ್ಯದರ್ಶಿಗಳು ನಗುತ್ತಿದ್ದಾರೆ, ಒಪ್ಪಿಗೆ ಎಂದೇ ತಿಳಿಯುತ್ತೇನೆ.

ಊಟದ ನಂತರ ಚಾಕು ತಂದವರು ಹಿಂದಿನ ಬೆಂಚಿಗೆ ಬನ್ನಿ, ಹಚ್ಚಿ ತೋರಿಸುತ್ತೇನೆ.