ಲೇಬಲ್ಲಿನಲ್ಲಿ ಕನ್ನಡಕ್ಕೆ ಜಾಗವಿಲ್ಲವೇ?



ಮಾವು ಶ್ರೀನಿವಾಸಪುರದ್ದು, ಟೊಮ್ಯಾಟೊ ಕೋಲಾರದ್ದು. ಅದೇ ಹಣ್ಣು ಜ್ಯೂಸಾಗಿ, ಸಾಸಾಗಿ ಬಾಟಲಿಗೆ ಇಳಿದ ಕೂಡಲೇ ಎಷ್ಟೋ ಲೇಬಲ್ಲುಗಳಲ್ಲಿ ಕನ್ನಡ ಮಾಯ! ಕೇಳಿದರೆ ಮಾಲೀಕರ ಉತ್ತರ ಸಿದ್ಧ: "ಚಿಕ್ಕ ಲೇಬಲ್ಲು ಸ್ವಾಮಿ, ಒತ್ತಕ್ಷರ ಕಲಸಿಹೋಗುತ್ತೆ."

ಈ ನೆಪ ಕೇಳಿ ತಲೆಯಾಡಿಸಿ ಬರಬೇಡಿ. ಸ್ಟಿಕ್ಕರ್ ರೋಲುಗಳನ್ನು ಹೆಚ್ಚಾಗಿ ಅಚ್ಚು ಹಾಕುವುದು ಫ್ಲೆಕ್ಸೋದಲ್ಲಿ. ಅದರ ಪ್ಲೇಟು ಮೆತ್ತಗೆ. ಒತ್ತಿದಾಗ ಶಾಯಿ ಹರಡಿ ಸಣ್ಣ ಸಂದುಗಳು ತುಂಬಿಕೊಳ್ಳುತ್ತವೆ. ಅದು ಕನ್ನಡದ ದೋಷವೇ? ಅಕ್ಷರ ತುಸು ದೊಡ್ಡದಾಗಲಿ, ಸಾಲುಗಳ ನಡುವೆ ಒತ್ತಿಗೆ ಜಾಗವಿರಲಿ, ನಾಲ್ಕು ಬಣ್ಣ ಬೆರೆಸದೆ ಒಂದೇ ಕಪ್ಪಿನಲ್ಲಿ ಅಚ್ಚಾಗಲಿ. ಸಣ್ಣ ಅಕ್ಷರವೇ ಬೇಕೆಂದರೆ ಆಫ್‌ಸೆಟ್ ಇದೆ. ಒಣ ಜಾಗದಲ್ಲಿಡುವ ಸೀಸೆಗೆ ಕಾಗದ ಸಾಕು. ಐಸ್ ಪೆಟ್ಟಿಗೆಗೆ ಹೋಗುವ ಜ್ಯೂಸಿಗೆ ಕಾಗದ ನೆನೆದು ಕಿತ್ತುಬರುತ್ತದೆ, ಪ್ಲಾಸ್ಟಿಕ್ ಫಿಲ್ಮೇ ಬೇಕು. ಬಿಸಿಗೆ ಕುಗ್ಗಿ ಅಂಟುವ ಕವಚವಾದರೆ ಬಾಟಲಿಯ ಕತ್ತಿನ ಬಳಿ ಅಕ್ಷರ ಸೊಟ್ಟಗಾಗುತ್ತದೆ. ಕನ್ನಡವನ್ನು ಹೊಟ್ಟೆಯ ಮೇಲೆ ಹಾಕಿಸಿ, ಎದ್ದು ಕಾಣಲಿ!

ಕಡ್ಡಾಯ ವಿವರಗಳಿಗೆ ಇಂಗ್ಲಿಷ್ ಇಲ್ಲವೇ ಹಿಂದಿ ಸಾಕೆನ್ನುತ್ತದೆ ಕೇಂದ್ರದ ನಿಯಮ. ಮೂಲ ಅನ್ಯಾಯ ಅಲ್ಲೇ ಇದೆ. ಆದರೆ ಅದು ಕನ್ನಡವನ್ನು ತಡೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಜಾರಿಯಾದ ನಮ್ಮ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವಂತೂ ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಮುಳಬಾಗಿಲಿನ ಅಜ್ಜಿ ಫಿನಾಯಿಲ್ ಬಾಟಲಿಯ ಎಚ್ಚರಿಕೆಯನ್ನು ಯಾವ ಭಾಷೆಯಲ್ಲಿ ಓದಬೇಕು?

ಮುಂದಿನ ರೋಲು ಅಚ್ಚಿಗೆ ಹೋಗುವ ಮುನ್ನವೇ ಕಾರ್ಖಾನೆಗೆ ಹೋಗಿ ಕೇಳಿ. "ಹಳೆಯ ಸ್ಟಾಕು ಮುಗಿಯಲಿ" ಎಂದರೆ, ಮುಗಿಯುವ ತಾರೀಖನ್ನು ಬರೆಸಿಕೊಂಡೇ ಬನ್ನಿ.