ಗಲ್ಲಾಪೆಟ್ಟಿಗೆಯಲ್ಲಿ ಊರು ಬಿಟ್ಟವರ ಪಾಲು

ಇವತ್ತಿನ ನನ್ನ ಮಾತು ಗದಗ-ಬೆಟಗೇರಿಯ ಪೇಟೆಯವರಿಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಕಾರರಿಗೂ ಸೇರಿ. ದಲಾಲಿ ಅಂಗಡಿಯವರು, ಬಟ್ಟೆ ವ್ಯಾಪಾರಿಗಳು, ಪ್ರಿಂಟಿಂಗ್ ಪ್ರೆಸ್‌ನವರು, ಖಾನಾವಳಿ ನಡೆಸುವವರು ದಯವಿಟ್ಟು ಐದು ನಿಮಿಷ ಕೊಡಿ.

ಜಾತ್ರೆಗೆ ಪಟ್ಟಿ ಕೇಳಲು ಬಂದರೆ ನೀವು ಕೈಬಿಚ್ಚಿ ಕೊಡ್ತೀರಿ. ಗಣಪತಿಗೆ ಕೊಡ್ತೀರಿ. ಮಠದ ದಾಸೋಹಕ್ಕೆ ಅಕ್ಕಿ ಚೀಲ ಕಳಿಸ್ತೀರಿ. ಬಹಳ ಒಳ್ಳೆಯದು. ಆದರೆ ಊರು ಬಿಟ್ಟವರಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ರಸೀದಿ ಪುಸ್ತಕ ಹಿಡಿದು ನಿಮ್ಮ ಅಂಗಡಿ ಮೆಟ್ಟಿಲು ಹತ್ತಿದರೆ? ನಿರಾಶ್ರಿತ ಮುದುಕರಿಗೆ ಅಂತಲೋ, ವಲಸೆ ಕೂಲಿಗಳ ಮಕ್ಕಳ ಓದಿಗೆ ಅಂತಲೋ ಕೇಳಿದರೆ? ಬರುವ ಉತ್ತರ ನನಗೂ ಗೊತ್ತು, ನಿಮಗೂ ಗೊತ್ತು. "ನಮ್ಮ ಮಂದಿಗೇ ಸಾಲವಲ್ದು, ಹೊರಗಿನವರಿಗೆ ಎಲ್ಲಿಂದ ಕೊಡೂದ್ರೀ?"

ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲ್ಲ. ಬರಗಾಲ ಕಂಡ ಸೀಮೆ ಇದು. ಮಳೆ ಕೈಕೊಟ್ಟರೆ ಪೇಟೆಗೂ ಪೆಟ್ಟು. ಆದರೆ ನಾನು ಕೇಳೋದು ಇಷ್ಟೇ: ನಮ್ಮ ಮಂದಿ ಅಂದರೆ ಯಾರು, ಹೊರಗಿನವರು ಅಂದರೆ ಯಾರು?

ಸುಗ್ಗಿ ಮುಗಿದ ಮೇಲೆ ಶಿರಹಟ್ಟಿ, ಮುಂಡರಗಿ ತಾಲ್ಲೂಕಿನ ತಾಂಡಾಗಳ ಕಡೆ ಒಮ್ಮೆ ಹೋಗಿ ನೋಡಿ. ಬೀಗ ಬಿದ್ದ ಮನೆಗಳು, ಮೊಮ್ಮಕ್ಕಳನ್ನು ಕಾಯುತ್ತ ಕೂತ ಅಜ್ಜಿಯರು. ದುಡಿಯುವ ಕೈಗಳೆಲ್ಲ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗಿರುತ್ತವೆ. ನಾವು ಇದಕ್ಕೆ ಗುಳೆ ಅಂತೀವಿ. ಗೋವಾದಲ್ಲಿ ಅವರನ್ನು ಏನಂತ ಕರೀತಾರೆ ಗೊತ್ತೇನು? "ಘಾಟಿ" ಅಂತ. ಘಟ್ಟದ ಆಚೆಯವರು, ಅಂದರೆ ಹೊರಗಿನವರು! ವಾಸ್ಕೋದ ಬೈನಾ ಕಡಲ ದಂಡೆಯಲ್ಲಿ 2004ರಲ್ಲಿ, ಮತ್ತೆ 2017ರಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ನಮ್ಮ ರಕ್ತ ಕುದಿಯಿತು. ಕುದಿಯಲೇಬೇಕಿತ್ತು. 2020ರ ಲಾಕ್‌ಡೌನ್‌ನಲ್ಲಿ ಪರ ಊರಲ್ಲಿ ಸಿಕ್ಕಿಬಿದ್ದ ನಮ್ಮ ಕೂಲಿಯವನಿಗೆ ಅಲ್ಲಿಯ ಅಂಗಡಿಯವನೊಬ್ಬ ಐದು ಕಿಲೋ ಅಕ್ಕಿ ಕೊಟ್ಟಿದ್ದರೆ ಅವನು ನಮ್ಮ ಪಾಲಿಗೆ ದೇವರು. ಹಾಗಾದರೆ ಅದೇ ಲೆಕ್ಕ ಇಲ್ಲಿ ಯಾಕೆ ಬದಲಾಗಬೇಕು?

ಈಗ ನಮ್ಮ ನೆರೆಗೆ ಬನ್ನಿ. ಲಕ್ಷ್ಮೇಶ್ವರದಿಂದ ಶಿಗ್ಗಾಂವಿ ಹಾದು ಹೋದರೆ ಮುಂಡಗೋಡ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ 1966ರಲ್ಲಿ ಅಲ್ಲಿ ನೆಲೆ ಸಿಕ್ಕಿತು. ಕಾಡು ಕಡಿದು ಗೋವಿನಜೋಳ ಬೆಳೆದರು, ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿದರು. ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಸ್ವೆಟರ್ ಹರವಿಕೊಂಡು ಕೂರುವವರು ಇದೇ ಜನ. ನಾವು ಚೌಕಾಶಿ ಮಾಡಿ ಕೊಂಡು ಬರ್ತೀವಿ, ಅಷ್ಟಕ್ಕೆ ಸಂಬಂಧ ಮುಗೀತು. ಇವತ್ತು ಅಲ್ಲಿಯ ಹರೆಯದವರು ವಿದೇಶದ ದಾರಿ ಹಿಡಿದಿದ್ದಾರೆ, ಮುದುಕರು ಉಳಿದಿದ್ದಾರೆ. ವೃದ್ಧರಿಗೆ, ಅಂಗವಿಕಲರಿಗೆ ಅಂತ ಅಲ್ಲೊಂದು ಆಶ್ರಯಧಾಮ ಇದೆ. ಆಸ್ಪತ್ರೆಯೂ ಇದೆ, ಅದರ ಬಾಗಿಲು ಸುತ್ತಲಿನ ಹಳ್ಳಿಯ ನಮ್ಮವರಿಗೂ ತೆರೆದಿದೆ. ತಾಂಡಾದ ಅಜ್ಜಿಯ ಒಂಟಿತನಕ್ಕೂ ಮುಂಡಗೋಡದ ಟಿಬೆಟಿಯನ್ ಅಜ್ಜಿಯ ಒಂಟಿತನಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ.

"ಅವರ ಧರ್ಮ ಬೇರೆ, ನಮಗೂ ಅವರಿಗೂ ಏನು ಸಂಬಂಧ?" ಅನ್ನುವವರು ಮುಂಡರಗಿ ತಾಲ್ಲೂಕಿನ ಡಂಬಳದ ಕಡೆ ನೋಡಲಿ. ಅಲ್ಲಿ 1095ರ ಒಂದು ಶಾಸನವಿದೆ. ಆರನೇ ವಿಕ್ರಮಾದಿತ್ಯನ ಕಾಲದ್ದು. ಆ ಊರಿನ 16 ಮಂದಿ ಸೆಟ್ಟರು ಸೇರಿ ಒಂದು ಬೌದ್ಧ ವಿಹಾರ ಕಟ್ಟಿಸಿದರು, ಲೊಕ್ಕಿಗುಂಡಿಯ, ಅಂದರೆ ಇವತ್ತಿನ ಲಕ್ಕುಂಡಿಯ ಸೆಟ್ಟಿಯೊಬ್ಬ ತಾರಾದೇವಿಗೆ ವಿಹಾರ ಕಟ್ಟಿಸಿದ ಅಂತ ಅದು ಹೇಳುತ್ತೆ. ಮುಂಡಗೋಡದವರು ಇವತ್ತಿಗೂ ಪೂಜಿಸೋದು ಇದೇ ತಾರಾದೇವಿಯನ್ನು. ಅದೇ ಡಂಬಳದ ಜಾತ್ರೆಯಲ್ಲಿ ಇವತ್ತು ಎಲ್ಲ ಜಾತಿಯವರೂ ಒಟ್ಟಿಗೆ ಕೂತು ರೊಟ್ಟಿ ತಿಂತಾರೆ. ಶಿರಹಟ್ಟಿಯ ಫಕೀರೇಶ್ವರ ಮಠ ದ್ವೇಷ ಬಿಡಿ, ಪ್ರೀತಿ ಮಾಡಿ ಅಂತಲೇ ಹೇಳಿಕೊಂಡು ಬಂದಿದೆ. ಹೊರಗಿನವರು ಅನ್ನೋ ಮಾತು ಈ ಮಣ್ಣಿನದಲ್ಲ ಸ್ವಾಮಿ.

ಇನ್ನು ವ್ಯವಹಾರದ ಮಾತಿಗೆ ಬರೋಣ. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡುವ ಕಂಪನಿ ತನ್ನ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತೆ. ನಿಮ್ಮ ಅಂಗಡಿಗೆ ಅಂಥ ಕಟ್ಟು ಇಲ್ಲ. ನೀವು ಕೊಟ್ಟರೆ ಅದು ಮನಸ್ಸಿನಿಂದ ಕೊಟ್ಟಿದ್ದು. ವಿದೇಶಿ ಹಣದ ಮೇಲೆ ಬದುಕುವ ಕಾಲವೂ ಮುಗೀತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ ಅಂತ 2020ರ ತಿದ್ದುಪಡಿ ಕಟ್ಟು ಹಾಕಿದೆ. ದೊಡ್ಡ ಸಂಸ್ಥೆಯ ನೆರಳಲ್ಲಿ ನಡೆಯುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಈಗ ಊರಿನ ಪೇಟೆಯೇ ಗತಿ. ಮೇಲಾಗಿ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲ. ನಿರಾಶ್ರಿತ ತನ್ನ ಹಕ್ಕು ಅಂತ ಕೇಳೋಕೆ ಜಾಗ ಬಹಳ ಕಡಿಮೆ. ನೆರೆಯವರ ಕೈಯೇ ಅವನ ಆಸರೆ.

ಕೊಡುವಾಗ ಮೂರು ಮಾತು ನೆನಪಿರಲಿ. ಒಂದು, ನಿಮ್ಮ ಲಾಭದಿಂದ ಕೊಡಿ. ಹಿಂದೆ ಅಡತಿ ಅಂಗಡಿಗಳಲ್ಲಿ ಚೀಲಕ್ಕಿಷ್ಟು ಅಂತ ಧರ್ಮದ ಹೆಸರಲ್ಲಿ ಕಡಿತ ಮಾಡುವ ರೂಢಿ ಇತ್ತು. ಮಾಲು ರೈತನದು, ಹೆಸರು ಸಾಹುಕಾರನದು! ಅದು ಬೇಡ. ಎರಡು, ಲೆಕ್ಕ ಕೇಳಿ. ಸಂಸ್ಥೆಯ ನೋಂದಣಿ ನೋಡಿ, ಆಡಿಟ್ ವರದಿ ಕೇಳಿ, ಚೆಕ್ ಕೊಡಿ. ನಗದಾಗಿ 2 ಸಾವಿರ ರೂಪಾಯಿ ದಾಟಿದರೆ 80ಜಿ ವಿನಾಯಿತಿಯೂ ಸಿಗಲ್ಲ. ಲೆಕ್ಕ ಕೇಳೋದು ಅನುಮಾನ ಅಲ್ಲ, ಅದು ಪೇಟೆಯ ಧರ್ಮ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕೈ ಚಾಚಿದವನಾಗಿ ಅಲ್ಲ, ನಾಳೆ ನಿಮ್ಮ ಜತೆ ವ್ಯವಹಾರ ಮಾಡುವವನಾಗಿ ಅವನನ್ನು ನೋಡಿ. ಲುಧಿಯಾನಾದ ಕಾರ್ಖಾನೆಯವರು ಟಿಬೆಟಿಯನ್ ವ್ಯಾಪಾರಿಗಳಿಗೆ ಸ್ವೆಟರ್ ಉದ್ರಿ ಕೊಡ್ತಾರೆ, ಸೀಸನ್ ಮುಗಿದ ಮೇಲೆ ಹಣ ತಗೋತಾರೆ. ಬರೀ ನಂಬಿಕೆ! ಆ ನಂಬಿಕೆ ಸಾವಿರಾರು ಸಂಸಾರಗಳನ್ನು ನಿಲ್ಲಿಸಿದೆ. ಇದನ್ನು ಗದಗಿನವರಿಗೆ ನಾನು ಹೇಳಿಕೊಡಬೇಕಾ? 1905ರಲ್ಲಿ ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬಡವನಿಗೂ ಪತ್ತು ಉಂಟು ಅಂತ ದೇಶಕ್ಕೆ ತೋರಿಸಿದ ನೆಲ ಇದು.

ಆದ್ದರಿಂದ ಈ ದೀಪಾವಳಿಗೆ ಲಕ್ಷ್ಮೀ ಪೂಜೆ ಮಾಡಿ ಹೊಸ ಖಾತೆ ಪುಸ್ತಕ ತೆರೆಯುವಾಗ ಅದರಲ್ಲಿ ಒಂದು ಪುಟ ಊರು ಬಿಟ್ಟವರಿಗೆ ಇರಲಿ. ಗುಳೆ ಹೋದವರ ಮಕ್ಕಳಿಗಾಗಲಿ, ಮುಂಡಗೋಡದ ಮುದುಕರಿಗಾಗಲಿ, ದುಡಿಯಲು ಬಿಹಾರದಿಂದ ನಿಮ್ಮ ಊರಿಗೇ ಬಂದ ಹುಡುಗನಿಗಾಗಲಿ. ಮೊತ್ತ ಎಷ್ಟು ಅಂತ ನಾನು ಹೇಳಲ್ಲ, ಅದು ನಿಮಗೂ ನಿಮ್ಮ ಗಲ್ಲಾಪೆಟ್ಟಿಗೆಗೂ ಬಿಟ್ಟದ್ದು. ರಸೀದಿ ಮೇಲೆ ನಿಮ್ಮ ಅಂಗಡಿಯ ಹೆಸರು ಇರಲಿ. ಪಡೆದವರ ಮುಖ ಮಾತ್ರ ಫೋಟೋದಲ್ಲಿ ಬೇಡ.